ಟಾಂಗಾದಲ್ಲಿ ಬೆನ್ನಿಗೆ ಬೆನ್ನು

ಟಾಂಗಾದಲ್ಲಿ ಯಾರು ಮುಂದೆ ಕೂರಬೇಕು, ಯಾರು ಹಿಂದೆ ಎಂಬುದು ವೇದಾಂತಿಗಳೂ ಶಾಸನಸಭೆಯವರೂ ಒಟ್ಟಿಗೆ ಕೂತು ಇತ್ಯರ್ಥ ಮಾಡಬೇಕಾದಷ್ಟು ಗಹನವಾದ ಪ್ರಶ್ನೆ, ಅವರಿಗೆ ಪುರಸೊತ್ತಿಲ್ಲದ್ದರಿಂದ ಟಾಂಗಾ ಹೊಡೆಯುವ ಭುಜಂಗನೇ ತೀರ್ಮಾನಿಸಿಬಿಟ್ಟ, ದೋಘೀ ಮಾಗೆ ನಕೋ ಬಾಯಿ, ಇಬ್ಬರೂ ಹಿಂದೆ ಕೂತರೆ ಗಾಡಿ ವಾಲುತ್ತದಂತೆ, ಹಾಗಾಗಿ ನಾನು ಮುಂದೆ, ಸೋದರತ್ತೆ ಅತ್ಯಾ ಹಿಂದೆ, ನಡುವೆ ಒಂದು ಹಲಗೆ, ಬೆನ್ನಿಗೆ ಬೆನ್ನು — ನನಗೆ ಕಾಣುವುದು ಕುದುರೆಯ ಕಿವಿ, ಅವಳಿಗೆ ಕಾಣುತ್ತಿರಬೇಕು ಈಗಷ್ಟೇ ಬಿಟ್ಟು ಬಂದ ವೈದ್ಯಕೀಯ ಶಾಲೆಯ ಕಮಾನು, ನನಗೆ ಬೇಕಾದದ್ದು ಅವಳ ಮುಖ, ಅದೊಂದೇ ಇಲ್ಲ. ಅಪ್ಪ ಬೆಳಿಗ್ಗೆಯೇ ಹೇಳಿದ್ದಾನೆ, ಕೃಷ್ಣಕ್ಕ ನೋಡಿ ಬರ್ಲಿ, ಅಕಿ ಹೂಂ ಅಂದ್ರ ಇಂದೂ ಡಾಕ್ಟರ್, ಊಂಹೂಂ ಅಂದ್ರ ಬೆಳಗಾವಿ ವರ, ಆಫೀಸಿನಲ್ಲಿ ಗೋರಾ ಸಾಹೇಬರ ಇಂಗ್ಲಿಷ್ ತಿದ್ದುವ ಅಪ್ಪ ತನ್ನ ವಿಧವೆ ಅಕ್ಕನ ಮಾತಿನಲ್ಲಿ ಒಂದು ಅಲ್ಪವಿರಾಮವನ್ನೂ ಮುಟ್ಟುವುದಿಲ್ಲ, ಆದರೆ ಮಡಿಯೇ ಉಸಿರಾದ ಅತ್ಯಾಳನ್ನು ಹೆಣ ಕೊಯ್ಯುವ ಶಾಲೆಗೆ ಪರೀಕ್ಷಕಳಾಗಿ ಕಳಿಸುವುದೆಂದರೆ ಮೀನಿನ ಪೇಟೆಯಲ್ಲಿ ಸ್ವಾಮಿಗಳನ್ನು ತೂಕಕ್ಕೆ ಕೂರಿಸಿದ ಹಾಗೆ. ನನಗಂತೂ ಒಪ್ಪಿಗೆಯಾಗಿತ್ತು, ಹುಡುಗಿಯರ ಬೆಂಚಿನ ಮೇಲೆ ಯಾರೋ ಚಾಕುವಿನಿಂದ ಹೃದಯ ಕೊರೆದಿದ್ದಾರೆ, ಅದರೊಳಗೆ ನಾಲ್ಕೂ ಕೋಣೆ ತಮ್ಮ ತಮ್ಮ ಜಾಗದಲ್ಲಿವೆ, ಅಂಥ ಶಾಲೆ ಕೆಟ್ಟದಾಗಿರಲಾರದು — ಅತ್ಯಾ ಮಾತ್ರ ಮೂಲೆಯಲ್ಲಿ ತೂಗುಹಾಕಿದ ಅಸ್ಥಿಪಂಜರದ ಎದುರು ನಿಂತೇಬಿಟ್ಟಳು, ಗಂಡೋ ಹೆಣ್ಣೋ ಎಂದಳು, ಶಾಲೆ ತೋರಿಸಲು ಬಂದ ಎರಡನೆಯ ವರ್ಷದ ಗೋದಾ ಹೆಣ್ಣು ಎಂದಳು, ಅದಕ್ಕೆ ಅತ್ಯಾ, ಅಯ್ಯ ಪಾಪ, ಇಷ್ಟು ಮಂದಿ ಗಂಡಸರ ನಡುವ ನಿಂತಾಳ, ಒಂದು ಹರಕು ಸೀರೀನರ ಸುತ್ತಬಾರದ? ಗೋದಾ ನಗು ನುಂಗಿದಳು, ನಾನು ನೆಲ ನೋಡಿದೆ, ನೆಲ ಸ್ವಚ್ಛವಾಗಿತ್ತು.

ನಾಗಝರಿ ಹಳ್ಳದ ಸೇತುವೆ ಬಂತು, ಬೆನ್ನು ಇನ್ನೂ ಮಾತಾಡುತ್ತಿಲ್ಲ, ಬೆನ್ನನ್ನು ಓದುವ ವಿದ್ಯೆಯನ್ನು ಎಷ್ಟನೆಯ ವರ್ಷದಲ್ಲಿ ಕಲಿಸುತ್ತಾರೋ — ಎಲ್ಲ ಕೆಟ್ಟದ್ದು ಆ ಪಡಸಾಲೆಯಲ್ಲಿ, ಆಪರೇಷನ್ ಕೋಣೆಯ ಹೊರಗೆ, ನಲ್ಲಿಯ ಕೆಳಗೆ ಒಬ್ಬ ಎಳೆಯ ಡಾಕ್ಟರು ಕೈ ತೊಳೆಯುತ್ತಿದ್ದ, ಬ್ರಷ್ಷಿನಿಂದ, ಬೆರಳ ಸಂದಿ, ಉಗುರು, ಮಣಿಕಟ್ಟು, ಮುಗಿಯುವುದೇ ಇಲ್ಲ, ಆಮೇಲೆ ಮೊಣಕೈಯಿಂದ ನಲ್ಲಿ ಮುಚ್ಚಿ, ಎರಡೂ ಒದ್ದೆ ಕೈ ಎದೆಯ ಮಟ್ಟಕ್ಕೆ ಎತ್ತಿ ನಮ್ಮ ಕಡೆಗೇ ಬಂದ, ಅತ್ಯಾ ಸೆರಗು ಬಾಚಿಕೊಂಡು ಗೋಡೆಗೆ ಅಂಟಿ ನಿಂತಳು, ಉಸಿರನ್ನೂ ಒಳಗೆ ಎಳೆದುಕೊಂಡಳು, ಹೊಲಸು ಕಂಡ ಹಾಗೆ — ಅವನ ಮುಖ ಬಾಡಿತು, ಗೋದಾ ಬೇರೆ ಕಡೆ ನೋಡಿದಳು, ನಾನು ಬೆಳಗಾವಿ ವರನ ಮೀಸೆ ಹೇಗಿರಬಹುದೆಂದು ಯೋಚಿಸಿದೆ, ಆ ಡಾಕ್ಟರನ ಮೊಣಕೈಯಿಂದ ಒಂದು ಹನಿ ಕೆಳಗೆ. ರಾಸ್ತಾ ಪೇಠೆ, ಹುರಿಗಡಲೆಯ ವಾಸನೆ, ಕುದುರೆ ಮುಗ್ಗರಿಸುತ್ತದೆ, ಬೆನ್ನು ಬೆನ್ನಿಗೆ ತಾಗುತ್ತದೆ, ಇಂದೂ, ಎನ್ನುತ್ತದೆ ಬೆನ್ನು, ಏನತ್ಯಾ, ಆ ಹುಡುಗ ಸಿಟ್ಟಾದನೋ ಏನೋ, ಯಾಕ, ನೀನು ಹಂಗ ಸರದ್ರ ಆಗೂದಿಲ್ಲೇನು ಎನ್ನುತ್ತೇನೆ ನಾನು, ಸರೀದs ಏನ್ಮಾಡ್ಲಿ, ಅಂವಾ ಮಡಿಯೊಳಗ ಇದ್ದ, ನನ್ನ ಸೆರಗು ತಾಕಿದ್ರ ಮತ್ತ ಮೊದಲಿಂದ ತೊಳ್ಕೋಬೇಕಿತ್ತು, ಒಳಗ ಪೇಷಂಟು ಕಾಯ್ತಿತ್ತು. ನಾನು ತಿರುಗಲು ನೋಡುತ್ತೇನೆ, ಹಲಗೆ ಪಕ್ಕೆಗೆ ಚುಚ್ಚುತ್ತದೆ, ಭುಜಂಗ ನೀಟ್ ಬಸಾ, ನೆಟ್ಟಗೆ ಕೂರಿ, ಎಂದು ಗದರುತ್ತಾನೆ — ಅತ್ಯಾನ ಮಾತು ನಿಲ್ಲುವುದಿಲ್ಲ, ಮತ್ತ ನೋಡಿದೇನು, ಬಾಗಲಾನೂ ಕೈಲೆ ಮುಟ್ಟಲಿಲ್ಲ, ಬೆನ್ನಿಲೆ ದೂಡಿದ, ನಮ್ಮ ಮಠದ ಅಡಗೀ ಆಚಾರ್ರು ಅಷ್ಟು ಮಾಡೂದಿಲ್ಲ, ಅವರು ನಡುನಡುವ ಜನಿವಾರದಿಂದ ಬೆನ್ನು ಕೆರ್ಕೋತಾರ. ನಾನು ನಗುತ್ತೇನೆ, ಅವಳಿಗೆ ಕಾಣುವುದಿಲ್ಲ, ಅಲುಗಾಟ ತಿಳಿಯುತ್ತದೆ, ನಗಬ್ಯಾಡ, ನಿನ್ನಂಥ ಹೊಲಸಿಗೆ ಇಷ್ಟು ತೊಳಿಯೂದು ಆಗ್ತದೇನು ಅನ್ನೂದs ನನ್ನ ಚಿಂತಿ, ಹುಟ್ಟಿದಾಗಿಂದ ನೀ ಊಟಕ್ಕ ಸುದ್ದಾ ಬೆರಳ ತುದಿ ತೊಳಿಯಾಕಿ — ಹೌದು, ಬೆರಳ ತುದಿ, ಬೆರಳ ಸಂದಿ, ಉಗುರು, ಮಣಿಕಟ್ಟು, ಎತ್ತಿ ಹಿಡಿದ ಎರಡು ಒದ್ದೆ ಕೈ, ಗೋಡೆಗೆ ಅಂಟಿದ ಕೆಂಪು ಸೀರೆ, ನಡುವೆ ಒಂದು ಗೇಣು ಜಾಗ, ಮೊಣಕೈ, ಒಂದು ಹನಿ.

ಶಾಲೆಗೆ ಸೇರಿದೆ.