ಕತ್ತಲೆ ಬೇಡುವ ಪೆಟ್ಟಿಗೆ

ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದ ಹಾಗೇ ನನ್ನ ಭಾವ ಅನ್ಸೆಲ್ಮೊನ ಬಾಯಿ ಬಲಗಡೆಗೆ ಜೋತುಬಿತ್ತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಸರಿಹೋಯಿತು. ಆದರೆ ಡಾಕ್ಟರಮ್ಮ ನನ್ನ ಅಕ್ಕ ಒಟಿಲಿಯಾಳನ್ನು ಪಕ್ಕಕ್ಕೆ ಕರೆದು, "ಇದು ಬರೀ ಮುನ್ಸೂಚನೆ. ಇವರ ಮುಖದ ಮೇಲೆ ಒಂದು ಕಣ್ಣಿಟ್ಟಿರಿ. ಮತ್ತೆ ಬಾಯಿ ವಾಲಿದ್ರೆ ಆ ಕ್ಷಣವೇ ಕರ್ಕೊಂಡು ಬನ್ನಿ. ತಡವಾದ್ರೆ ನಮ್ಮ ಕೈಲಿ ಏನೂ ಇರಲ್ಲ" ಎಂದಳು. ಅಂದಿನಿಂದ ಅಕ್ಕ ಗಂಡನ ಮುಖವನ್ನು ಒಲೆಯ ಮೇಲಿಟ್ಟ ಹಾಲಿನ ಹಾಗೆ ಕಾಯತೊಡಗಿದಳು. ಅವನು ಉಣ್ಣುವಾಗ ನೋಡುವಳು, ಗಡ್ಡ ಕೆರೆಯುವಾಗ ನೋಡುವಳು, ನಿದ್ದೆಹೋದಾಗ ದೀಪ ಹಿಡಿದು ನೋಡುವಳು.

"ನಾನೇನು ಚರ್ಚಿನ ಸಂತನೇನೇ, ಹಾಗೆ ಕಣ್ಣು ಮಿಟುಕಿಸ್ದೆ ನೋಡ್ತೀಯ?" ಎಂದು ಅವನು ರೇಗುವನು.

ಅವನೂ ನಾನೂ ಒಂದೇ ವಾರಿಗೆಯವರು, ಒಂದೇ ಬೀದಿಯಲ್ಲಿ ಬೆಳೆದವರು. ಹಾಗಾಗಿ ಭಾವ ಎಂಬ ಗೌರವ ನನ್ನ ಬಾಯಲ್ಲಿ ಎಂದೂ ನಿಂತದ್ದಿಲ್ಲ. ಹಟಮಾರಿ ಎಂದರೆ ಮಹಾ ಹಟಮಾರಿ. ಇನ್ನು ಮುಂದೆ ಸ್ಟೇಡಿಯಂನ ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರಮ್ಮ ಹೇಳಿದಾಗ ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಪರಾನಾ ನದಿಯ ದಡದ ನಮ್ಮ ಊರಿಗೆ ಇರುವುದು ಒಂದೇ ಫುಟ್‌ಬಾಲ್ ತಂಡ, ಲಾ ಬಾಲ್ಸಾ. ನಾನು ಹುಟ್ಟುವ ಮೊದಲಿನಿಂದಲೂ ಅದು ಕೆಳಗಿನ ದರ್ಜೆಯಲ್ಲೇ ಕೊಳೆಯುತ್ತಿದೆ. ಇವನಿಗೆ ಸ್ಟೇಡಿಯಂ ಬಂದ್ ಆದ ವರ್ಷವೇ ಅದು ಮೊದಲ ದರ್ಜೆಯ ಬಾಗಿಲಿಗೆ ಬಂದು ನಿಂತಿತು. ಮೂರು ಪಂದ್ಯ ಗೆದ್ದರೆ ಮೇಲಕ್ಕೆ. ಮನೆಯ ಹಳೇ ಟಿವಿ ಅದೇ ಹೊತ್ತಿಗೆ ನೆಗೆದುಬಿತ್ತು.

"ಪ್ರೊಜೆಕ್ಟರ್ ತರೋಣ," ಎಂದ ಮಗ ಒರಾಸಿಯೊ. "ಗೋಡೆ ತುಂಬ ಮೈದಾನ ಬರುತ್ತೆ. ಅಪ್ಪಂಗೆ ಗ್ಯಾಲರೀಲಿ ಕೂತಂಗೇ ಆಗುತ್ತೆ."

"ಸ್ಮಾರ್ಟ್ ಟಿವಿ ತಗೊಂಡ್ ಬಾ," ಎಂದಳು ಅಕ್ಕ.

"ಟಿವೀಲಿ ಆಟಗಾರರು ಇರುವೆ ಥರ ಕಾಣ್ತಾರಮ್ಮ."

"ಕಾಣ್ಲಿ. ನಿನ್ನ ಪ್ರೊಜೆಕ್ಟರಿಗೆ ಕಿಟಕಿ ಮುಚ್ಬೇಕು, ದೀಪ ಆರಿಸ್ಬೇಕು. ಆ ಕತ್ತಲೇಲಿ ನಿಮ್ಮಪ್ಪನ ಮುಖ ನಾನು ಹೇಗೋ ನೋಡ್ಲಿ?"

"ನೋಡ್ಬೇಡ," ಎಂದ ಅನ್ಸೆಲ್ಮೊ. "ಇಷ್ಟು ವರ್ಷ ನೋಡಿದ್ದು ಸಾಕಾಗ್ಲಿಲ್ವಾ?"

ಕೊನೆಗೊಂದು ರಾಜಿ ಆಯಿತು. ಮೊದಲ ಪಂದ್ಯಕ್ಕೆ ಚರ್ಚಿನ ಪ್ರೊಜೆಕ್ಟರನ್ನು ಕೇಳಿ ತರುವುದು, ಎರಡನೆಯದಕ್ಕೆ ಅಂಗಡಿಯಿಂದ ಟಿವಿ ತಂದು ನೋಡುವುದು. ಯಾವುದು ವಾಸಿಯೋ ಅದನ್ನು ಇಟ್ಟುಕೊಳ್ಳುವುದು. ಎಲ್ಲರೂ ತಲೆಯಾಡಿಸಿದರು. ನಮ್ಮ ಜನ ಎಂಥವರೆಂಬುದು ಆಗ ಯಾರಿಗೂ ನೆನಪಾಗಲಿಲ್ಲ.

ಮೊದಲ ಪಂದ್ಯವನ್ನು ಲಾ ಬಾಲ್ಸಾ ಗೆದ್ದುಬಿಟ್ಟಿತು. ಗೆದ್ದ ದಿನ ಯಾರು ಎಲ್ಲಿ ಕೂತಿದ್ದರೋ ಮುಂದಿನ ಪಂದ್ಯಕ್ಕೂ ಅಲ್ಲೇ ಕೂರಬೇಕು, ಏನು ತೊಟ್ಟಿದ್ದರೋ ಅದನ್ನೇ ತೊಡಬೇಕು. ಇದಕ್ಕೆ ನಮ್ಮಲ್ಲಿ ಕಾಬಲಾ ಎನ್ನುತ್ತಾರೆ. ದೇವರನ್ನು ನಂಬದವರೂ ಇದನ್ನು ಮೀರುವುದಿಲ್ಲ. ಅನ್ಸೆಲ್ಮೊ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿದ್ದ. ಒರಾಸಿಯೊ ನೆಲದ ಮೇಲಿದ್ದ. ಪಕ್ಕದ ಮನೆಯ ಟುಲಿಯೊ ಕಾಲು ಊದಿಕೊಂಡಿದೆಯೆಂದು ಒಂದೇ ಶೂ ಹಾಕಿ ಕೂತಿದ್ದ. ಅಕ್ಕ ಬಾಗಿಲ ಹತ್ತಿರದ ಸ್ಟೂಲಿನ ಮೇಲಿದ್ದಳು. ಹೊಸ ಟಿವಿಯ ಪೆಟ್ಟಿಗೆ ಬಂದಾಗ ಅದನ್ನು ಬಿಚ್ಚಲು ಯಾರೂ ಒಪ್ಪಲಿಲ್ಲ. ಪೆಟ್ಟಿಗೆ ಹಾಗೇ ನಡುಮನೆಯ ಮೂಲೆ ಸೇರಿತು.

ಎರಡನೇ ಪಂದ್ಯದ ದಿನ ನಾನೂ ಅಕ್ಕನ ಮನೆಗೆ ಹೋದೆ. ಮೊದಲ ಪಂದ್ಯದ ದಿನ ನಾನು ಇರಲಿಲ್ಲವಾದ್ದರಿಂದ ನಡುಮನೆಯಲ್ಲಿ ನನಗೆ ಜಾಗವಿಲ್ಲ, ಅಡುಗೆಮನೆಯೇ ಗತಿ ಎಂದರು. ಒಳ್ಳೆಯದೇ ಆಯಿತೆಂದುಕೊಂಡು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಗೋಡೆಯ ಮೇಲೆ ಹಸಿರು ಮೈದಾನ ತುಂಬಿದಾಗ ಅನ್ಸೆಲ್ಮೊನ ಮುಖ ಮಸುಕಾಗಿ ಕಾಣುವುದು. ಕ್ಯಾಮೆರಾ ಗ್ಯಾಲರಿಯ ಕಡೆ ತಿರುಗಿದರೆ ಕಪ್ಪು. ಅಕ್ಕ ಪಂದ್ಯ ನೋಡಲೇ ಇಲ್ಲ. ಆ ಬೆಳಕು ಬಂದಾಗ ಮುಂದಕ್ಕೆ ಬಾಗುವಳು, ಹೋದಾಗ ಉಸಿರು ಹಿಡಿಯುವಳು. ಒಮ್ಮೆ ಅವನ ಕೆನ್ನೆ ಸೊಟ್ಟಗಾದಂತೆ ಕಂಡಿರಬೇಕು. ಎದ್ದು ದೀಪ ಹಾಕಿಬಿಟ್ಟಳು. ಗೋಡೆಯ ಮೇಲಿನ ಮೈದಾನ ಅಳಿಸಿಹೋಯಿತು. ಅನ್ಸೆಲ್ಮೊನ ದವಡೆಯಲ್ಲಿದ್ದದ್ದು ಎಂಪನಾದ ಎಂಬ ಖಾರದ ಕಡುಬಿನ ಅರ್ಧ ತುಂಡು ಅಷ್ಟೆ.

ಅದೇ ಗಳಿಗೆಯಲ್ಲಿ ಎದುರಾಳಿ ಗೋಲು ಹೊಡೆದ.

ಮನೆ ಹತ್ತಿ ಉರಿಯಿತು. "ಎಂಥಾ ಕಾಲ್ಗುಣ ನಿಂದು," ಎಂದ ಅನ್ಸೆಲ್ಮೊ. ಮಗ ಅವಳನ್ನು ತೋಳು ಹಿಡಿದು ಅಡುಗೆಮನೆಗೆ ತಂದುಬಿಟ್ಟು ಬಾಗಿಲು ಹಾಕಿಕೊಂಡ. ಅವಳು ಮೇಜಿನ ಮೇಲೆ ತಲೆಯಿಟ್ಟು ಅಳುತ್ತಿದ್ದಾಗ ಲಾ ಬಾಲ್ಸಾ ಒಂದು ಗೋಲು ಹೊಡೆಯಿತು, ಆಮೇಲೆ ಇನ್ನೊಂದು. ಗೆದ್ದಿತು. ಗಂಡಸರೆಲ್ಲ ಒಳಗೆ ನುಗ್ಗಿ ಬಂದು ಅವಳಿಗೆ ಮುತ್ತಿಟ್ಟರು.

"ಅಮ್ಮ, ಗೊತ್ತಾಯ್ತಲ್ಲ," ಎಂದ ಒರಾಸಿಯೊ. "ನಿನ್ನ ಜಾಗ ಇದೇ. ಫೈನಲ್‌ಗೂ ನೀನು ಇಲ್ಲೇ ಇರ್ಬೇಕು. ಬಾಗಿಲು ಹಾಕಿರ್ಬೇಕು."

"ನಿಮ್ಮ ತಲೇಲಿರೋದು ಮೆದುಳೋ ಸಗಣಿಯೋ?" ಎಂದೆ ನಾನು.

"ನೀನೂ ಇಲ್ಲೇ ಚಿಕ್ಕಮ್ಮ. ಬೇಕಿದ್ರೆ ಇದೇ ಬೈಗುಳ ಆವತ್ತೂ ಬೈ."

ಆ ವಾರ ಅಕ್ಕ ಪಟ್ಟ ಪಾಡು ಶತ್ರುವಿಗೂ ಬೇಡ. ಮಗನ ಹತ್ತಿರ ಹೋಗಿ, ಆಗಾಗ ಅಪ್ಪನ ಮುಖ ನೋಡೋ ಎಂದು ಬೇಡಿದಳು. ಗೆದ್ದ ದಿನ ತಾನು ಗೋಡೆ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ ಎಂದ. ಟುಲಿಯೊನನ್ನು ಕೇಳಿದಳು. ಅವನು ತನ್ನ ಶೂ ನೋಡಿಕೊಂಡ. ಮೂಲೆಯ ಟಿವಿ ಪೆಟ್ಟಿಗೆಯನ್ನು ತಾನೇ ಬಿಚ್ಚಲು ಹೋದಳು, ಮಗ ಕೈ ಹಿಡಿದು ತಡೆದ. ಕೊನೆಗೆ ಗಂಡನ ಮುಂದೆ ನೆಲದ ಮೇಲೆ ಕುಸಿದಳು. ನಾನು ಅಲ್ಲೇ ಬಟ್ಟೆ ಮಡಚುತ್ತಿದ್ದೆ.

"ನೀನು ಸತ್ರೆ ನಾನೇನು ಮಾಡ್ಲಿ?" ಎಂದಳು.

ಅನ್ಸೆಲ್ಮೊ ಈ ಸಲ ರೇಗಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟ. "ನೋಡು ಮುದುಕಿ. ನಮ್ಮಪ್ಪ ಮೊದಲ ದರ್ಜೆ ನೋಡ್ದೆ ಸತ್ತ. ಅವರಪ್ಪನೂ ನೋಡ್ಲಿಲ್ಲ. ನಂಗೆ ಇನ್ನೊಂದು ವರ್ಷ ಇದೆ ಅಂತ ಯಾರು ಹೇಳ್ತಾರೆ? ಒಂದು ಮಧ್ಯಾಹ್ನ ಅಷ್ಟೇ. ನಂಗೋಸ್ಕರ ಅಡುಗೆಮನೇಲಿರು."

ಅಕ್ಕ ಸರಿ ಎಂದಳು.

ಫೈನಲ್ ಭಾನುವಾರ ಮಧ್ಯಾಹ್ನ. ಹೊರಗೆ ಸುಡುಬಿಸಿಲು, ನಡುಮನೆಯಲ್ಲಿ ಕಿಟಕಿಗೆಲ್ಲ ಕಂಬಳಿ ಹೊದಿಸಿ ಮಾಡಿದ ಕತ್ತಲೆ. ಅಡುಗೆಮನೆಯಲ್ಲಿ ಕಣ್ಣು ಕುಕ್ಕುವಷ್ಟು ಬೆಳಕು, ಅಲ್ಲಿ ನೋಡಬೇಕಾದ ಮುಖವೇ ಇಲ್ಲ. ಅಕ್ಕ ಬಾಗಿಲಿಗೆ ಕಿವಿಯೊತ್ತಿ ನಿಂತಳು. ನಾನು ಮಾಡಿಕೊಟ್ಟ ಮಾಟೆ ಚಹಾ ಅವಳ ಕೈಯಲ್ಲೇ ಆರಿತು.

"ಅನ್ಸೆಲ್ಮೊ, ಇದೀಯಾ?"

"ಇದೀನಿ ಕಣೇ. ಸುಮ್ನಿರು."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು. ಮತ್ತೆ ಇದೀನಿ ಎಂದ. ಮೂರನೇ ಸಲ ಒರಾಸಿಯೊನ ದನಿ ಬಂತು. "ಅಮ್ಮ, ಕೈಮುಗೀತೀನಿ. ಆವತ್ತು ನೀನು ಮಾತಾಡಿರ್ಲಿಲ್ಲ."

ಆಮೇಲೆ ಅವಳು ಏಪ್ರನ್ನಿನ ಅಂಚು ಬಾಯಿಗೆ ತುರುಕಿಕೊಂಡು ನಿಂತಳು. ಬಾಗಿಲು ತೆಗೆ ಎಂದು ನಾನು ಸನ್ನೆ ಮಾಡಿದೆ. ಅವಳು ಒಲ್ಲೆನೆಂದು ತಲೆಯಾಡಿಸಿದಳು. ಕೊಟ್ಟ ಮಾತು, ಅದೂ ಅವನಿಗೆ ಕೊಟ್ಟ ಮಾತು.

ಇದ್ದಕ್ಕಿದ್ದಂತೆ ಗೋಲು. ನಡುಮನೆ ಕೂಗಿತು, ಬೀದಿ ಕೂಗಿತು, ನದಿಯ ಮೇಲಿನ ದೋಣಿಗಳೂ ಸೀಟಿ ಊದಿದವು. ಫುಟ್‌ಬಾಲೆಂದರೆ ಮೂಗು ಮುರಿಯುವ ನಾನೂ ಎದ್ದು ನಿಂತೆ. ಅಕ್ಕ ಮಾತ್ರ ಅಲುಗಾಡಲಿಲ್ಲ. ಸುಮ್ಮನಿರು ಎನ್ನುವಂತೆ ನನ್ನ ಕಡೆ ಅಂಗೈ ಎತ್ತಿದಳು.

"ಡೆಲ್ಮಿರಾ, ಅವನ ದನಿ ಇಲ್ಲ."

"ಇಷ್ಟು ಗಲಾಟೇಲಿ ಹೇಗೆ ಗೊತ್ತಾಗುತ್ತೆ ಅಕ್ಕ?"

"ಎಲ್ಲರದೂ ನಿಂತ ಮೇಲೂ ಅವನ ಕೂಗು ಇನ್ನೂ ಎಳೀತಾ ಇರುತ್ತೆ. ಈಗ ಎಲ್ಲರದೂ ನಿಂತೋಯ್ತು. ಅವನದು ಇಲ್ಲ."

ಬಾಗಿಲು ತಳ್ಳಿ ಒಳಗೆ ನಡೆದಳು. ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ಹಾಯ್ದಾಗ ಆಟಗಾರರು ಅವಳ ಬಿಳಿ ಏಪ್ರನ್ನಿನ ಮೇಲೆ ಓಡಾಡಿದರು. "ಅಮ್ಮ, ಬೇಡ," ಎಂದು ಒರಾಸಿಯೊ ಅಡ್ಡ ಬಂದ. ಅವಳು ಅವನನ್ನು ದೂಡಿ ದೀಪ ಹಾಕಿದಳು.

ಅನ್ಸೆಲ್ಮೊ ಬೆತ್ತದ ಕುರ್ಚಿಯಲ್ಲೇ ಇದ್ದ. ಬಾಯಿಯ ಬಲಗಡೆ ಪೂರ್ತಿ ಜಾರಿತ್ತು, ಜೊಲ್ಲು ಅಂಗಿಯ ಮೇಲೆ ಇಳಿದು ಆಗಲೇ ಒದ್ದೆಯಾಗಿತ್ತು. ಕಣ್ಣು ತೆರೆದೇ ಇತ್ತು, ಗೋಡೆಯನ್ನೇ ನೋಡುತ್ತಿತ್ತು. ಅಷ್ಟು ಹೊತ್ತೂ ಅವನಿಂದ ಒಂದು ಮೊಳ ದೂರದಲ್ಲೇ ಮಗ ಕೂತಿದ್ದ.

ಟುಲಿಯೊ ಒಂಟಿ ಶೂನಲ್ಲೇ ಓಡಿ ತನ್ನ ವ್ಯಾನು ತಂದ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಎಲ್ಲರೂ ಆಟದ ಮುಂದೆ. ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ ಪರೀಕ್ಷೆ ಮಾಡಿ ಹೊರಗೆ ಬಂದು, ಜೀವ ಉಳೀತು, ಮಾತು ಮತ್ತು ಬಲಭಾಗ ಉಳಿಯಲ್ಲ ಎಂದಳು. "ಇನ್ನೊಂದು ಸ್ವಲ್ಪ ಮುಂಚೆ..." ಎಂದು ಶುರುಮಾಡಿದವಳು ಅಕ್ಕನ ಮುಖ ನೋಡಿ ನಿಲ್ಲಿಸಿದಳು. ಒರಾಸಿಯೊ ಗೋಡೆಗೆ ಹಣೆಯೊತ್ತಿ ನಿಂತ. ಅವನನ್ನು ಸಮಾಧಾನ ಮಾಡಲು ನನಗೆ ಮನಸ್ಸು ಬರಲಿಲ್ಲ.

ದೀಪ ಹಾಕಿದ ಮೇಲೆ ಲಾ ಬಾಲ್ಸಾ ಎರಡು ಗೋಲು ಬಿಟ್ಟುಕೊಟ್ಟು ಸೋತಿತ್ತು. ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಅಕ್ಕನನ್ನು ಕಂಡವರು, ಇವಳು ದೀಪ ಹಾಕಿದ್ದಕ್ಕೇ ಸೋತೆವು ಎಂದು ಪಿಸುಗುಟ್ಟಿಕೊಂಡರು. ಅವರಿಗೆ ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಪ್ರೊಜೆಕ್ಟರು ಚರ್ಚಿಗೆ ಹಿಂತಿರುಗಿತು. ಮುಂದಿನ ಹಂಗಾಮು ಶುರುವಾದಾಗ ಒರಾಸಿಯೊ ಟಿವಿಯ ಪೆಟ್ಟಿಗೆ ಬಿಚ್ಚಿ ಅಪ್ಪನ ಹಾಸಿಗೆಯ ಕಾಲ್ದೆಸೆಯಲ್ಲಿ ಇಟ್ಟ. ಕಿಟಕಿಗಳೆಲ್ಲ ತೆರೆದಿದ್ದವು, ಕೋಣೆ ತುಂಬ ಬೆಳಕಿತ್ತು. ಅಪ್ಪನನ್ನು ಎತ್ತಿ ದಿಂಬಿಗೆ ಒರಗಿಸಿದ. ಆಟಗಾರರು ಮೈದಾನಕ್ಕೆ ಇಳಿದರು.

ಅನ್ಸೆಲ್ಮೊ ಎಡಗೈ ಎತ್ತಿ ಬಾಗಿಲ ಕಡೆ ತೋರಿಸಿದ. ನೀರು ಬೇಕೇನೋ ಎಂದು ಅಕ್ಕ ಲೋಟ ತಂದಳು. ಅವನು ಬೇಡವೆಂದು ತಲೆಯಾಡಿಸಿ ಮತ್ತೆ ತೋರಿಸಿದ. ಮೊದಲು ಅವಳ ಕಡೆಗೆ ಬೆರಳು, ಆಮೇಲೆ ಬಾಗಿಲಾಚೆಗೆ, ಅಡುಗೆಮನೆಯ ಕಡೆಗೆ.

ಒರಾಸಿಯೊ ತಲೆ ತಗ್ಗಿಸಿದ. ಅಕ್ಕ ಲೋಟ ಕೆಳಗಿಟ್ಟಳು.

"ಇಲ್ಲ ಮುದುಕ," ಎಂದಳು. "ಹೋಗಲ್ಲ."

ಕುರ್ಚಿ ಎಳೆದು, ಟಿವಿಗೆ ಬೆನ್ನು ಮಾಡಿ, ಅವನಿಗೆ ಮುಖಾಮುಖಿಯಾಗಿ ಕೂತಳು. ಅವನು ಬಹಳ ಹೊತ್ತು ಕೈಯಲ್ಲೇ ಬೇಡಿಕೊಂಡ. ಆಮೇಲೆ ಕೈ ಇಳಿಸಿದ. ಇಡೀ ಪಂದ್ಯವನ್ನು ಅವಳು ಅವನ ಮುಖದಲ್ಲೇ ನೋಡಿದಳು. ಬಾಯಿಯ ಎಡತುದಿ ಮೇಲೆದ್ದಾಗ "ನಮ್ಮದಾ?" ಎಂದು ಕೇಳಿದಳು. ಅವನು ರೆಪ್ಪೆ ಮುಚ್ಚಿ ತೆರೆದ. ಕೊನೆಯ ಹೊತ್ತಿಗೆ ಅವನ ಕಣ್ಣು ತುಂಬಿ ಬಂದಾಗ ಸೋತವರು ಯಾರೆಂದು ಅವಳು ಕೇಳಲಿಲ್ಲ.

ಆಟ ಮುಗಿದಿತ್ತು. ಅವನ ಎಡಗೈ ಮತ್ತೆ ಎದ್ದು ಅಡುಗೆಮನೆಯ ಕಡೆಗೆ ಚಾಚಿತು. ಅಕ್ಕ ಆ ಕೈ ಹಿಡಿದು ಹೊದಿಕೆಯೊಳಗೆ ಇಟ್ಟಳು, ಅವನ ಬಾಯಿ ಒರೆಸಿದಳು, ಮತ್ತೆ ಮುಖ ನೋಡುತ್ತ ಕೂತಳು.