ಮಡಚುವ ಡಬ್ಬ

ಹೊಳಲ್ಕೆರೆ ಊರು ಮುಗಿದು ಚಿತ್ರದುರ್ಗದ ರಸ್ತೆಯಲ್ಲಿ ಅರ್ಧ ಮೈಲಿ ಹೋದರೆ ಬಲಗಡೆಗೆ ಶಿವಕುಮಾರಪ್ಪನವರ ಬ್ಲಾಕ್ ಯಾರ್ಡ್ ಇತ್ತು. ಸಿಮೆಂಟು, ಮರಳು, ಸಣ್ಣ ಜಲ್ಲಿ ಕಲಸಿ, ನಡುವೆ ಎರಡು ತೂತಿರುವ ದೊಡ್ಡ ಬ್ಲಾಕುಗಳನ್ನು ಅಲ್ಲಿ ಮಾಡುತ್ತಿದ್ದರು. ಕೆಲಸಕ್ಕೆ ಆರು ಜನ ಹೆಂಗಸರು. ಅವರಲ್ಲಿ ದುರುಗಕ್ಕನೇ ಹಳಬಳು.

ದುರುಗಕ್ಕನಿಗೆ ಆಗ, 1976ರಲ್ಲಿ, ನಲವತ್ತರ ಆಸುಪಾಸು. ಗಂಡ ತೀರಿಕೊಂಡ ಮೇಲೆ ಅಣ್ಣ ಮಾರಣ್ಣನ ಮನೆಗೆ ಬಂದಿದ್ದಳು. ಅವರದು ಕುರಿ ಸಾಕುವ ಮನೆ. ಕುರಿ ಕಾಯುವುದು ಅವಳಿಗೆ ಹುಟ್ಟಿನಿಂದ ಗೊತ್ತಿದ್ದ ಕೆಲಸ. ಆದರೆ ಕುರಿಗಳು ಅಣ್ಣನವು, ಮನೆ ಅಣ್ಣನದು. ಯಾರ್ಡಿನ ಕೆಲಸವೊಂದು ಮಾತ್ರ ತನ್ನದು ಅನ್ನಿಸುತ್ತಿತ್ತು.

ಬ್ಲಾಕಿನ ಅಚ್ಚೆಂದರೆ ತಳವಿಲ್ಲದ ಕಬ್ಬಿಣದ ಪೆಟ್ಟಿಗೆ. ಅದನ್ನು ಹಲಗೆಯ ಮೇಲಿಟ್ಟು, ಒಳಗೆ ಎರಡು ಕಬ್ಬಿಣದ ಡಬ್ಬ ನಿಲ್ಲಿಸಿ, ಸುತ್ತ ಕಾಂಕ್ರೀಟು ತುಂಬಿ ಗುದ್ದಿ ಕೂರಿಸಬೇಕು. ಆಮೇಲೆ ಡಬ್ಬಗಳನ್ನು ಮೇಲಕ್ಕೆ ಎಳೆದರೆ ಅವು ನಿಂತಿದ್ದ ಜಾಗ ತೂತಾಗಿ ಉಳಿಯುತ್ತದೆ. ಎಳೆಯುವ ಕೆಲಸ ದುರುಗಕ್ಕನದು. ಹಸಿ ಕಾಂಕ್ರೀಟು ಡಬ್ಬವನ್ನು ಸುಲಭಕ್ಕೆ ಬಿಡುತ್ತಿರಲಿಲ್ಲ. ಜೋರಾಗಿ ಎಳೆದರೆ ಎರಡು ತೂತುಗಳ ನಡುವಿನ ಗೋಡೆ ಡಬ್ಬದ ಜೊತೆಗೇ ಮೇಲೆ ಬರುತ್ತಿತ್ತು. ಮೆಲ್ಲಗೆ ಎಳೆದರೆ ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಒಣಗಿದ ಮೇಲೆ ಕಾಣಿಸಿಕೊಳ್ಳುತ್ತಿತ್ತು. ಹತ್ತು ಬ್ಲಾಕು ಮಾಡಿದರೆ ನಾಲ್ಕು ದಂಡ.

ಆ ವರ್ಷ ಚಿತ್ರದುರ್ಗದಲ್ಲಿ ಕಟ್ಟುತ್ತಿದ್ದ ಒಂದು ಹಾಸ್ಟೆಲಿಗೆ ಬ್ಲಾಕು ಕೊಡಲು ಶಿವಕುಮಾರಪ್ಪ ಒಪ್ಪಿಕೊಂಡಿದ್ದರು. ಒಂದು ಲಾರಿ ಮಾಲು ಹೋದದ್ದು ಹೋದಂತೆಯೇ ವಾಪಸು ಬಂತು. ಬಿರುಕು ಬಿಟ್ಟದ್ದು ಬೇಡವೆಂದು ಅಲ್ಲಿನ ಇಂಜಿನಿಯರು ಇಳಿಸಿಕೊಳ್ಳಲೇ ಇಲ್ಲವಂತೆ. ಶಿವಕುಮಾರಪ್ಪ ಲಾರಿಯ ಪಕ್ಕದಲ್ಲೇ ನಿಂತು ಹೆಂಗಸರಿಗೆ ಹೇಳಿದರು.

“ಇನ್ನೊಂದು ಲಾರಿ ವಾಪಸ್ ಬಂತು ಅಂದ್ರೆ ನನ್ ಕೈಲಾಗಲ್ಲ. ಯಾರ್ಡ್ ಮುಚ್ಚಿ ಶೇಂಗಾ ಗೋಡೌನ್ ಮಾಡ್ತೀನಿ. ನೀವು ಬ್ಯಾರೆ ಕೆಲ್ಸ ನೋಡ್ಕಳ್ರಿ.”

ಅವರು ಹೆದರಿಸಲು ಹೇಳಿದ್ದಲ್ಲ ಎಂದು ದುರುಗಕ್ಕನಿಗೆ ತಿಳಿಯಿತು. ಡಬ್ಬದ ತೊಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷದಿಂದ ಅದು ಎಲ್ಲಿ ಹಿಡಿಯುತ್ತದೆ, ಯಾವಾಗ ಬಿಡುತ್ತದೆ ಎಂಬುದನ್ನು ಅವಳ ಕೈ ತಿಳಿದುಕೊಂಡಿತ್ತು. ಒಂದೆರಡು ಸಲ ಸಾಹುಕಾರರಿಗೆ ಹೇಳಲು ಹೋಗಿದ್ದಳು. ಅವರು ಪೂರ್ತಿ ಕೇಳದೆ, “ಮೆತ್ತಗೆ ಎಳೀರಮ್ಮ” ಎಂದು ಮುಗಿಸಿದ್ದರು.

ಶೆಡ್ಡಿನ ಹಿಂದೆ ಮೂತಿ ಸೊಟ್ಟಗಾದ ಒಂದು ಹಳೆಯ ಡಬ್ಬ ಬಿದ್ದಿತ್ತು. ಭಾನುವಾರ ಸಂಜೆ ಅದನ್ನು ಗೋಣಿಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು. ಸೋಮವಾರ ಯಾರ್ಡಿಗೆ ರಜೆ. ಬೆಳಗಿನ ಬಸ್ಸಿಗೆ ಹೊಸದುರ್ಗಕ್ಕೆ ಹೊರಟಳು.

ಹೊಸದುರ್ಗದ ಕಮ್ಮಾರ ಸಣ್ಣತಿಮ್ಮಪ್ಪ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದರಲ್ಲಿ ಹೆಸರಾದವನು. ಮಾರಣ್ಣನ ಗಾಡಿಗೂ ಅವನೇ ಪಟ್ಟಿ ಹಾಕಿದ್ದ. ಈಚೆಗೆ ಗಾಡಿಗಳಿಗೆ ರಬ್ಬರ್ ಟೈರು ಬರತೊಡಗಿ ಅವನ ಕುಲುಮೆ ಎಷ್ಟೋ ದಿನ ತಣ್ಣಗಿರುತ್ತಿತ್ತು. ದುರುಗಕ್ಕ ಹೋದಾಗ ಅವನು ಕುಡುಗೋಲೊಂದಕ್ಕೆ ಹಲ್ಲು ಕೊಯ್ಯುತ್ತಾ ಕೂತಿದ್ದ. ಅವಳು ಚೀಲ ಬಿಚ್ಚಿ ಡಬ್ಬವನ್ನು ಅವನ ಮುಂದಿಟ್ಟಳು.

“ಇದು ಯಾವ ಗಾಡೀದಮ್ಮ?”

“ಗಾಡೀದಲ್ಲಣ್ಣ, ಬ್ಲಾಕ್ ಮಾಡೋದು,” ಎಂದು ಅವಳು ಎಲ್ಲವನ್ನೂ ವಿವರಿಸಿದಳು.

ಸಣ್ಣತಿಮ್ಮಪ್ಪ ಡಬ್ಬವನ್ನು ತಿರುಗಿಸಿ ನೋಡಿದ. “ಕೆಳಗೆ ಸ್ವಲ್ಪ ಸಪೂರ ಮಾಡಿದ್ರೆ ಸಲೀಸಾಗಿ ಬರುತ್ತಲ್ಲ?”

“ತೂತು ಮ್ಯಾಲೂ ಕೆಳಗೂ ಒಂದೇ ಸಮ ಇರ್ಬೇಕಂತೆ. ಅದ್ರಾಗೆ ಕಂಬಿ ಇಳಿಸ್ತಾರಂತೆ.”

“ಹಂಗಾದ್ರೆ ಇನ್ನೇನು ಮಾಡಾಕಾಗುತ್ತೆ?”

“ಡಬ್ಬಾನೇ ಸಣ್ಣದಾಗ್ಬೇಕಣ್ಣ. ಒಳಗಿದ್ದಾಗ ದೊಡ್ಡದು. ಈಚೆ ಬರೋವಾಗ ಸಣ್ಣದು.”

ಅವನು ನಕ್ಕುಬಿಟ್ಟ. “ಕಬ್ಬಿಣ ಏನು ಉಸುರು ಬಿಟ್ಟು ಸಣ್ಣಾಗುತ್ತೇನಮ್ಮ?”

ದುರುಗಕ್ಕ ನಗಲಿಲ್ಲ. ಬಳೆಯಿಲ್ಲದ ತನ್ನ ಕೈಯನ್ನು ಅವನ ಮುಂದೆ ಚಾಚಿದಳು. “ಬಳೆಗಾರ ಬಳೆ ತೊಡಿಸೋವಾಗ ಏನ್ ಮಾಡ್ತಾನೆ ಹೇಳು. ಹೆಬ್ಬೆಟ್ಟು ಒಳಕ್ಕೆ ಮಡಚ್ತಾನೆ, ಅಂಗೈ ಹಿಸುಕ್ತಾನೆ. ಬಳೆ ಏನು ದೊಡ್ಡದಾಗುತ್ತಾ? ಕೈ ಸಣ್ಣದಾಗುತ್ತೆ. ಆ ಕಾಂಕ್ರೀಟು ಬಳೆ ಇದ್ದಂಗೆ. ಅದನ್ನ ಮುಟ್ಟಂಗಿಲ್ಲ. ಡಬ್ಬಾನೇ ಮಡಚ್ಕಬೇಕು.”

ಸಣ್ಣತಿಮ್ಮಪ್ಪ ಕುಡುಗೋಲನ್ನು ಕೆಳಗಿಟ್ಟ. ಸ್ವಲ್ಪ ಹೊತ್ತು ಅವಳ ಕೈಯನ್ನು, ಆಮೇಲೆ ಡಬ್ಬವನ್ನು ನೋಡಿದ.

“ಬಿಟ್ಟೋಗು. ಬರೋ ಸೋಮವಾರ ಬಾ. ಆಗುತ್ತೆ ಅಂತ ಹೇಳಲ್ಲ, ನೋಡ್ತೀನಿ.”

ಮರುದಿನ ಬೆಳಿಗ್ಗೆ ಅವಳು ಯಾರ್ಡಿಗೆ ಹೋಗುವಷ್ಟರಲ್ಲಿ ಶಿವಕುಮಾರಪ್ಪ ಹಳೆಯ ಕಬ್ಬಿಣವನ್ನೆಲ್ಲ ಗುಜರಿಯವನಿಗೆ ತೋರಿಸುತ್ತಿದ್ದರು. ಡಬ್ಬ ಇಲ್ಲದ್ದು ಆಗಲೇ ಗೊತ್ತಾಗಿತ್ತು. ಯಾರು ತೆಗೆದದ್ದು ಎಂದು ಅವರು ಕೇಳಿದ ಕೂಡಲೇ ದುರುಗಕ್ಕ ಮುಂದೆ ಬಂದಳು.

“ನಾನೇ ತಗಂಡೋದೆ ಸಾವ್ಕಾರ್ರೆ. ಹೊಸದುರ್ಗದ ಕಮ್ಮಾರನ ಹತ್ರ ಕೊಟ್ಟಿದೀನಿ. ಸರಿ ಮಾಡೋಕಾಗುತ್ತಾ ಅಂತ.”

“ಯಾರನ್ನ ಕೇಳಿ ತಗಂಡೋದೆ?”

“ಕೇಳಿಲ್ಲ. ಕೇಳಿದ್ರೆ ಕೊಡ್ತಿರ್ಲಿಲ್ಲ.”

ಗುಜರಿಯವನು ಮುಸಿಮುಸಿ ನಕ್ಕ. ಅದು ಶಿವಕುಮಾರಪ್ಪನವರ ಸಿಟ್ಟನ್ನು ನೆತ್ತಿಗೇರಿಸಿತು. “ಕೇಳ್ದೆ ತಗಂಡೋಗೋದಕ್ಕೆ ಕಳ್ಳತನ ಅಂತಾರೆ. ಕಳ್ರನ್ನ ನಾನು ಕೆಲ್ಸಕ್ಕೆ ಇಟ್ಕಳಲ್ಲ. ನಾಳೆಯಿಂದ ಬರಬ್ಯಾಡ.”

ಉಳಿದ ಐದು ಜನ ಸಲಿಕೆ ಹಿಡಿದು ನಿಂತಲ್ಲೇ ನಿಂತಿದ್ದರು. ದುರುಗಕ್ಕ ಗೂಟಕ್ಕೆ ಸಿಕ್ಕಿಸಿದ್ದ ಬುತ್ತಿ ಗಂಟನ್ನು ತೆಗೆದುಕೊಂಡು, ನಾಳೆಯವರೆಗೂ ಕಾಯದೆ ಹೊರಟಳು.

ಮನೆಯಲ್ಲಿ ಮಾರಣ್ಣ ಹೆಚ್ಚೇನೂ ಕೇಳಲಿಲ್ಲ. “ಹೋಗ್ಲಿ ಬಿಡು, ಕುರಿ ಅದಾವಲ್ಲ,” ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೂ ಆ ವಾರವೆಲ್ಲ ಕುರಿಗಳ ಹಿಂದೆ ಗುಡ್ಡದ ಸೆರಗಿನಲ್ಲಿ ಅಲೆಯುವಾಗ ಅವಳಿಗೆ ಒಂದೇ ಮಾತು ಕೊರೆಯುತ್ತಿತ್ತು. ಕೆಲಸ ಹೋದದ್ದಕ್ಕಿಂತ ಕಳ್ಳತನ ಎಂಬ ಆ ಒಂದು ಶಬ್ದ ಹೆಚ್ಚು ನೋಯಿಸಿತ್ತು. ಸೋಮವಾರ ಹೊಸದುರ್ಗಕ್ಕೂ ಹೋಗಲಿಲ್ಲ. ಇನ್ನು ಆ ಡಬ್ಬ ತಗೊಂಡು ತಾನೇನು ಮಾಡುವುದು?

ಅತ್ತ ಸಣ್ಣತಿಮ್ಮಪ್ಪ ಆ ವಾರ ಬೇರೆ ಕೆಲಸವನ್ನೇ ಮುಟ್ಟಿರಲಿಲ್ಲ. ದಪ್ಪ ತಗಡನ್ನು ಬಗ್ಗಿಸಿ ಡಬ್ಬವನ್ನು ಎರಡು ಹೋಳಾಗಿ ಮಾಡಿದ. ಎರಡನ್ನೂ ಮೇಲಿನ ಒಂದು ಅಡ್ಡಪಟ್ಟಿಗೆ ಬಾಗಿಲಿನ ಕೀಲಿನಂಥ ಕೀಲು ಹಾಕಿ ನೇತುಹಾಕಿದ. ನಡುವೆ ಒಂದು ಕಬ್ಬಿಣದ ಬೆಣೆ. ಬೆಣೆಯನ್ನು ಒಳಗೆ ಇಳಿಸಿದರೆ ಹೋಳುಗಳು ಅಗಲವಾಗಿ ಗಟ್ಟಿ ನಿಲ್ಲುತ್ತಿದ್ದವು. ಬೆಣೆ ಎಳೆದರೆ ಎರಡೂ ಉಗುರಿನ ದಪ್ಪದಷ್ಟು ಒಳಕ್ಕೆ ಸರಿಯುತ್ತಿದ್ದವು. ಹಸಿ ಮಣ್ಣು ತುಂಬಿ ಹತ್ತು ಸಲ ನೋಡಿದ. ಹತ್ತು ಸಲವೂ ಡಬ್ಬ ಮಣ್ಣಿಗೆ ತಾಗದೆ ಮೇಲೆ ಬಂತು. ಅಂಥದೇ ಇನ್ನೊಂದನ್ನೂ ಮಾಡಿ ಜೋಡಿ ಮುಗಿಸಿದ. ಸೋಮವಾರ ಸಂಜೆಯವರೆಗೆ ಕಾದ. ಮಂಗಳವಾರವೂ ಆ ಹೆಂಗಸಿನ ಸುಳಿವಿಲ್ಲ. ಬುಧವಾರ ತಾನೇ ಚೀಲ ಹೆಗಲಿಗೇರಿಸಿ ಹೊಳಲ್ಕೆರೆ ಬಸ್ಸು ಹತ್ತಿದ.

ಯಾರ್ಡಿಗೆ ಬಂದು ದುರುಗಕ್ಕನನ್ನು ಕೇಳಿದಾಗ ಶಿವಕುಮಾರಪ್ಪ ಅವಳನ್ನು ಬಿಡಿಸಿದ್ದೇನೆ ಎಂದರು. ಆದರೂ ಡಬ್ಬಗಳನ್ನು ಕೈಗೆ ತೆಗೆದುಕೊಂಡು, ಬೆಣೆಯನ್ನು ಹಾಕಿ ತೆಗೆದು, ಬಹಳ ಹೊತ್ತು ನೋಡಿದರು. “ಒಂದು ಹಾಕಿ ನೋಡಾಣ,” ಎಂದು ತಿಪ್ಪಮ್ಮನನ್ನು ಕರೆದರು. ದುರುಗಕ್ಕ ಹೋದ ಮೇಲೆ ಎಳೆಯುವ ಕೆಲಸ ತಿಪ್ಪಮ್ಮನಿಗೆ ಬಂದಿತ್ತು. ಅವಳು ರೂಢಿಯಂತೆ ಬೆಣೆಯನ್ನೂ ಡಬ್ಬವನ್ನೂ ಒಟ್ಟಿಗೇ ಹಿಡಿದು ಒಂದೇ ಸಲಕ್ಕೆ ಎಳೆದಳು. ಬ್ಲಾಕಿನ ನಡುಗೋಡೆ ಕಿತ್ತು ಬಂತು.

“ಇದೂ ಅಷ್ಟೇ ಆಯ್ತಲ್ಲಪ್ಪ,” ಎಂದರು ಶಿವಕುಮಾರಪ್ಪ.

“ಇದು ಎಳೆಯೋದಲ್ಲ ಸಾವ್ಕಾರ್ರೆ, ಬಿಡಿಸೋದು. ನಂಗೆ ಕಬ್ಬಿಣ ಗೊತ್ತು, ಕಾಂಕ್ರೀಟು ಗೊತ್ತಿಲ್ಲ. ಇದು ಹಿಂಗಿರ್ಬೇಕು ಅಂತ ಹೇಳ್ದೋಳು ಆ ಹೆಣ್ಮಗಳು. ಅವಳನ್ನ ಕರೆಸ್ರಿ. ಇಲ್ಲಾಂದ್ರೆ ನಾನು ವಾಪಸ್ ತಗಂಡೋಗ್ತೀನಿ.”

ಶಿವಕುಮಾರಪ್ಪ ಮುರಿದ ಬ್ಲಾಕನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. ಕೊನೆಗೆ, “ತಿಪ್ಪಮ್ಮ, ಹೋಗಿ ಕರ್ಕಂಡ್ ಬಾ,” ಎಂದರು.

ದುರುಗಕ್ಕ ಗುಡ್ಡದ ಬುಡದಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದಳು. ತಿಪ್ಪಮ್ಮ ಏದುಸಿರು ಬಿಡುತ್ತಾ ವಿಷಯ ಹೇಳಿದಾಗ ಅವಳ ಬಾಯಿಂದ ಮೊದಲು ಬಂದ ಮಾತು, “ಮಾಡ್ಯಾನಾ? ಮಡಚ್ಕಳುತ್ತಾ?”

“ಮಡಚ್ಕಳುತ್ತೆ ಕಣಕ್ಕ. ನಂಗೇ ಎಳೆಯೋಕೆ ಬರ್ಲಿಲ್ಲ. ನಡಿ ಹೋಗಾಣ.”

ಕುರಿಗಳನ್ನು ಪಕ್ಕದ ಹೊಲದಲ್ಲಿದ್ದ ಅತ್ತಿಗೆಗೆ ಒಪ್ಪಿಸಿ ದುರುಗಕ್ಕ ಹೊರಟಳು. ಆದರೆ ಯಾರ್ಡಿನ ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

“ಒಳಗೆ ಬಾರಮ್ಮ,” ಎಂದರು ಶಿವಕುಮಾರಪ್ಪ.

“ಕಳ್ಳೀನ ಒಳಗ್ಯಾಕೆ ಕರೀತೀರಿ ಸಾವ್ಕಾರ್ರೆ?”

“ಅವತ್ತು ಏನೋ ಸಿಟ್ಟಲ್ಲಿ ಬಂತು ಮಾತು. ಬಾ.”

“ಎಲ್ರ ಮುಂದೆ ಬಂತು. ಗುಜರಿಯೋನ ಮುಂದೂ ಬಂತು.” ಅವಳು ಹೆಜ್ಜೆ ಮುಂದಿಡಲಿಲ್ಲ.

ಶಿವಕುಮಾರಪ್ಪ ಕೆಟ್ಟವರಲ್ಲ. ಹತ್ತು ಜನರೆದುರು ತಪ್ಪೊಪ್ಪಿಕೊಂಡು ಅಭ್ಯಾಸವಿರಲಿಲ್ಲ ಅಷ್ಟೆ. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. ಮತ್ತೆ ಹಾಕಿಕೊಂಡು ಹೆಂಗಸರ ಕಡೆ ತಿರುಗಿದರು.

“ಕೇಳ್ರಿ. ದುರುಗಕ್ಕ ಕದ್ದಿಲ್ಲ. ಯಾರ್ಡ್ ಉಳೀಲಿ ಅಂತ ತಗಂಡೋಗಿದ್ಲು. ನಾನು ಅಂದಿದ್ದು ತಪ್ಪು.” ಆಮೇಲೆ ಅವಳತ್ತ ನೋಡಿ, “ಗುಜರಿಯೋನಿಗೂ ಹೇಳ್ತೀನಿ,” ಎಂದರು.

ದುರುಗಕ್ಕ ಒಳಗೆ ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಸೀದಾ ಅಚ್ಚಿನ ಹತ್ತಿರ ಹೋಗಿ ಕೂತಳು. ಡಬ್ಬಗಳಿಗೆ ಹರಳೆಣ್ಣೆ ಸವರಿ ನಿಲ್ಲಿಸಿದಳು. ಕಾಂಕ್ರೀಟು ತುಂಬಿ ಗುದ್ದಿದ ಮೇಲೆ ಬೆಣೆಯ ತಲೆಗೆ ಸುತ್ತಿಗೆಯಿಂದ ಪಕ್ಕದಲ್ಲಿ ಎರಡೇಟು ಮೆಲ್ಲಗೆ ತಟ್ಟಿದಳು. ಬೆಣೆ ಸಡಿಲವಾಯಿತು. ಅದನ್ನಷ್ಟೇ ಎಳೆದು ಪಕ್ಕಕ್ಕಿಟ್ಟಳು. ಒಳಗೆ ತಗಡು ಸರಿದ ಸಣ್ಣ ಸದ್ದು ಕೇಳಿಸಿತು. ಆಮೇಲೆ ಡಬ್ಬವನ್ನು ಎರಡು ಬೆರಳಲ್ಲಿ ಎತ್ತಿದಂತೆ ಎತ್ತಿಬಿಟ್ಟಳು. ಇನ್ನೊಂದು ಡಬ್ಬವೂ ಹಾಗೆಯೇ ಬಂತು. ಅಚ್ಚು ತೆಗೆದಾಗ ಬ್ಲಾಕು ಅಂಚು ಕೂಡ ಉದುರದೆ ನಿಂತಿತ್ತು.

ತಿಪ್ಪಮ್ಮ “ಅಯ್ಯೋ ನಮ್ಮಪ್ಪ!” ಎಂದು ಬಾಯಿ ಮೇಲೆ ಕೈಯಿಟ್ಟಳು. ಎರಡನೆಯ ಬ್ಲಾಕು, ಮೂರನೆಯದು, ನಾಲ್ಕನೆಯದು ಚೆನ್ನಾಗಿಯೇ ಬಂದವು. ಐದನೆಯದಕ್ಕೆ ಬೆಣೆ ತೆಗೆದರೂ ಡಬ್ಬ ಮಡಚಲಿಲ್ಲ. ಎರಡು ಹೋಳುಗಳ ನಡುವಿನ ಸಂದಿಯಲ್ಲಿ ಸಿಮೆಂಟು ಬೆರೆತ ನೀರು, ಮರಳು ಹೋಗಿ ಕೂತಿತ್ತು.

ಶಿವಕುಮಾರಪ್ಪನವರ ಮುಖ ಸಣ್ಣದಾಯಿತು. ಸಣ್ಣತಿಮ್ಮಪ್ಪ ಮಂಡಿಯೂರಿ ಕೂತು ಸಂದಿಯನ್ನು ಕಡ್ಡಿಯಿಂದ ಕೆರೆಯುತ್ತಿದ್ದ. ದುರುಗಕ್ಕ ಪಕ್ಕದಲ್ಲಿ ಕೂತಳು.

“ಸಂದಿ ಇರ್ಲೇಬೇಕೇನಣ್ಣ?”

“ಇಲ್ದಿದ್ರೆ ಮಡಚ್ಕಳಲ್ಲಮ್ಮ.”

“ಹಂಗಾದ್ರೆ ಅದರ ಮ್ಯಾಲೆ ಮುಚ್ಚಂಗೆ ಮಾಡು. ಮನೆ ಹೆಂಚು ಒಂದರ ಮ್ಯಾಲೊಂದು ಕೂತಿರುತ್ತಲ್ಲ, ಹಂಗೆ. ಒಂದು ಕಡೆ ತಗಡು ಇನ್ನೊಂದರ ಮ್ಯಾಲೆ ಸ್ವಲ್ಪ ಬರ್ಲಿ. ಸರಿಯೋವಾಗ ಜಾರ್ಕಂಡು ಹೋಗುತ್ತೆ.”

ಸಣ್ಣತಿಮ್ಮಪ್ಪ ಕಡ್ಡಿ ಬಿಸಾಕಿದ. “ನೀನು ನನ್ ಕುಲುಮೇಗೆ ಬಂದ್ಬಿಡು ತಾಯಿ,” ಎಂದ. ಆ ದಿನ ಅವನು ನಕ್ಕದ್ದು ಅದೇ ಮೊದಲು.

ಡಬ್ಬಗಳನ್ನು ಅವನು ವಾಪಸು ತೆಗೆದುಕೊಂಡು ಹೋದ. ಡೀಸೆಲ್ ಡ್ರಮ್ಮಿನ ತೆಳು ತಗಡನ್ನು ಕತ್ತರಿಸಿ ಸಂದಿಗಳ ಮೇಲೆ ರಿವಿಟ್ ಹೊಡೆದು ಶನಿವಾರ ತಂದ. ಅವತ್ತು ಸಂಜೆಯೊಳಗೆ ಅರವತ್ತು ಬ್ಲಾಕು ಮಾಡಿದರು. ಎರಡು ಮಾತ್ರ ಕೆಟ್ಟವು, ಅದೂ ಹಲಗೆ ಅಲುಗಾಡಿ. ಮುಂದಿನ ತಿಂಗಳು ಚಿತ್ರದುರ್ಗಕ್ಕೆ ಹೋದ ಲಾರಿ ಖಾಲಿಯಾಗಿ ವಾಪಸು ಬಂತು. ಡ್ರೈವರು ಹಾರನ್ ಹೊಡೆಯುತ್ತಲೇ ಯಾರ್ಡಿನೊಳಗೆ ತಂದು ನಿಲ್ಲಿಸಿದ. ಶಿವಕುಮಾರಪ್ಪ ಆಮೇಲೆ ಶೇಂಗಾ ಗೋಡೌನಿನ ಮಾತೆತ್ತಲಿಲ್ಲ. ಹೆಂಗಸರ ಕೆಲಸ ನೋಡಿಕೊಳ್ಳಲು ದುರುಗಕ್ಕನನ್ನೇ ಮೇಸ್ತ್ರಿ ಮಾಡಿದರು.

ಸುದ್ದಿ ಹಬ್ಬಿ, ಹಿರಿಯೂರಿನಲ್ಲಿ ಹೊಸದಾಗಿ ಬ್ಲಾಕ್ ಕೆಲಸ ಶುರುಮಾಡಿದ್ದ ಒಬ್ಬರು ಸಣ್ಣತಿಮ್ಮಪ್ಪನ ಹತ್ತಿರ ಎರಡು ಜೊತೆ ಡಬ್ಬ ಮಾಡಿಸಿದರು. ಅವನು ಕೊಡುವಾಗ ಒಂದು ಮಾತು ಸೇರಿಸಿದ. “ಡಬ್ಬ ತಗಂಡ್ರೆ ಸಾಲದು. ಹೊಳಲ್ಕೆರೆ ದುರುಗಕ್ಕನ್ನ ಕರೆಸಿ ನಿಮ್ಮೋರಿಗೆ ಹೇಳಿಸ್ರಿ.”

ಹೀಗೆ ಮರುವರ್ಷ ಬೇಸಿಗೆಯಲ್ಲಿ, ಚಿತ್ರದುರ್ಗದಿಂದಾಚೆಗೆ ಒಮ್ಮೆಯೂ ಹೋಗದಿದ್ದ ದುರುಗಕ್ಕ ಹದಿನೈದು ದಿನದ ಮಟ್ಟಿಗೆ ಹಿರಿಯೂರಿಗೆ ಹೋದಳು. ಅಲ್ಲಿನ ಯಾರ್ಡಿನಲ್ಲಿ ಎಂಟು ಜನ ಹೆಂಗಸರು ಅವಳ ಸುತ್ತ ನಿಂತರು. ಯಜಮಾನರು ಡಬ್ಬವನ್ನು ಮಡಚಿ ಬಿಚ್ಚಿ ನೋಡುತ್ತಾ, “ಇದನ್ನ ಯಾವ ಇಂಜಿನಿಯರ್ ಮಾಡಿದ್ದಮ್ಮ?” ಎಂದು ಕೇಳಿದರು.

“ನಾನು ಹೇಳ್ದೆ, ಹೊಸದುರ್ಗದ ತಿಮ್ಮಪ್ಪಣ್ಣ ಮಾಡ್ದ,” ಎಂದಳು ದುರುಗಕ್ಕ.

ಅವರು ನಂಬಿದರೋ ಇಲ್ಲವೋ ಎಂದು ನೋಡುತ್ತಾ ನಿಲ್ಲಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಲಸಿಟ್ಟಿದ್ದ ಕಾಂಕ್ರೀಟಿನ ಗುಡ್ಡೆಯಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಅದುಮಿದಳು. ಬೆರಳ ಸಂದಿಯಿಂದ ನೀರು ಇಳಿಯಿತು.

“ನೀರು ಜಾಸ್ತಿ ಆಗೈತೆ,” ಎಂದಳು. “ಮೊದ್ಲು ಇದುಕ್ಕೆ ಇನ್ನೊಂದು ಬುಟ್ಟಿ ಮರಳು, ಅಳತೆ ಪ್ರಕಾರ ಸಿಮೆಂಟು ಹಾಕ್ರಿ. ಆಮ್ಯಾಲೆ ಡಬ್ಬದ ವಿಷ್ಯ.”