ಸೂರ್ಯಕಾಂತರ ಕಂದು ಕೋಟು

ಸೂರ್ಯಕಾಂತರು ಕೈ ಬೀಸಿ ನಡೆದದ್ದನ್ನು ಜೀಡಿಮೆಟ್ಲಾದ ಆ ಔಷಧ ಕಾರ್ಖಾನೆಯಲ್ಲಿ ಯಾರೂ ಕಂಡಿರಲಿಲ್ಲ. ತೋಳುಗಳನ್ನು ಪಕ್ಕೆಗೊತ್ತಿ, ಎರಡೂ ಕಂಕುಳಲ್ಲಿ ಥರ್ಮಾಮೀಟರು ಇಟ್ಟುಕೊಂಡವರ ಹಾಗೆ ಬರುತ್ತಿದ್ದರು. ಕಾರಣ ತೋಳೆತ್ತಲು ಬಿಡದಷ್ಟು ಬಿಗಿಯಾದ ಅವರ ಕಂದು ಕೋಟು. ಕಲಬುರಗಿಯಿಂದ ಬಂದು ಕೆಲಸಕ್ಕೆ ಸೇರಿದಾಗ ಹೊಲಿಸಿದ್ದು. ಮೈ ಬೆಳೆದಂತೆಲ್ಲ ದಿಲ್‌ಸುಖ್‌ನಗರದ ದರ್ಜಿ ಅದನ್ನು ಬಿಚ್ಚಿ, ಹೊಲಿದು, ಮತ್ತೆ ಬಿಚ್ಚಿ, ಕಡೆಗೆ ಕೋಟಿಗಿಂತ ರಿಪೇರಿಯೇ ದುಬಾರಿಯಾಗಿತ್ತು. ಇಷ್ಟು ಖರ್ಚು ಮಾಡಿ ಬಿಡುವುದೆಂತು ಎಂದು, ಮೇ ತಿಂಗಳ ಉರಿಬಿಸಿಲಲ್ಲೂ ಪುಣ್ಯಾತ್ಮರು ಅದನ್ನು ಹೊತ್ತೇ ತಿರುಗಿದರು.

ಹಾಗೆಂದು ಅವರೇನು ದಡ್ಡರೆ? ಕಾರ್ಖಾನೆಯ ಹಣಕಾಸಿನ ಮುಖ್ಯಸ್ಥರು. ಮುಳುಗಿದ ವೆಚ್ಚವನ್ನು, ಅಂದರೆ ಆಗಲೇ ಖರ್ಚಾಗಿ ಮರಳಿ ಬಾರದ ಹಣವನ್ನು, ಮುಂದಿನ ನಿರ್ಧಾರಕ್ಕೆ ಎಳೆದು ತರಬಾರದೆಂಬುದು ಅವರ ಶಾಸ್ತ್ರದ ಮೊದಲ ಪಾಠ. ಹೊಸಬರಿಗೆಲ್ಲ “ಹೋದದ್ದಲ್ರಿ, ಬರೋದು ನೋಡ್ರಿ” ಎಂದು ಬೋಧಿಸುತ್ತಿದ್ದರು. ಹೆಂಡತಿ ಶಿವದೇವಿ ಮಾತ್ರ ಬಿಡುತ್ತಿರಲಿಲ್ಲ: “ಊರಿಗೆಲ್ಲಾ ಹೇಳತೀರಿ. ಈ ಕೋಟಿಗೆ ಯಾರು ಹೇಳಬೇಕ್ರಿ?” “ಇಷ್ಟು ಖರ್ಚು ಮಾಡೀನಿ, ಹೆಂಗ ಬಿಡಲಿ?” ಎಂದು ಅವರು ಕೆಮ್ಮಿ ಗುಂಡಿ ಹಾಕಿಕೊಳ್ಳುತ್ತಿದ್ದರು.

ಸಿರಪ್ ತಯಾರಿಕೆಗೆ ಹೊಸ ಕಟ್ಟಡ ಕಟ್ಟಿಸಿರೆಂದು ಮಾಲಕಿ ಶಿವಗಂಗಾ ಅವರಿಗೆ ಸಲಹೆ ಕೊಟ್ಟವರು ಸೂರ್ಯಕಾಂತರೇ. ಗೋಡೆಯೆದ್ದು ಸೂರು ಹಾಕುವ ಹೊತ್ತಿಗೆ, ಸಿರಪ್ ಕೊಳ್ಳುತ್ತೇವೆಂದಿದ್ದ ಕಂಪನಿ ಹಿಂದೆ ಸರಿಯಿತು. ಕಟ್ಟಡ ಮುಗಿಸಬೇಕೆಂದರೆ ಚೆನ್ನಾಗಿ ನಡೆಯುತ್ತಿದ್ದ ಮಾತ್ರೆ ವಿಭಾಗದ ಬಂಡವಾಳಕ್ಕೇ ಕೈಹಾಕಬೇಕು. ಅಲ್ಲಿ ಕಚ್ಚಾ ಸರಕು ನಿಂತರೆ ಕಾರ್ಮಿಕರ ಸಂಬಳವೂ ನಿಂತಂತೆ. ನಿಲ್ಲಿಸೋಣವೆಂದರೆ, ತಮ್ಮ ಸಲಹೆ ತಪ್ಪೆಂದು ಎಲ್ಲರೆದುರು ಒಪ್ಪಬೇಕು. ಕೆಲಸವೇ ಹೋದರೂ ಹೋದೀತು. ಒಂದು ವಾರ ಅವರಿಗೆ ಊಟ ರುಚಿಸಲಿಲ್ಲ.

ಸಭೆಯಲ್ಲಿ ಶಿವಗಂಗಾ ಕೇಳಿದರು: “ಇಷ್ಟು ಸುರಿದೀವಿ. ಈಗ ಬಿಟ್ಟರ ಎಲ್ಲಾ ನೀರಾಗ ಹಾಕಿದಂಗ ಅಲ್ಲೇನ್ರಿ?”

ಸೂರ್ಯಕಾಂತರು ತಮ್ಮ ಕೋಟಿನ ತೋಳಿನತ್ತ ನೋಡಿಕೊಂಡರು. ತಾವು ಇಷ್ಟು ವರ್ಷ ಕೋಟಿನ ಪರವಾಗಿ ಆಡಿದ ವಾದವೇ ಅದು. ಎದ್ದು ನಿಂತು, ಕೋಟು ಕಳಚಿ ಕುರ್ಚಿಗೆ ಹಾಕಿದರು. ಎಲ್ಲರೂ ಬೆರಗಾಗಿ ನೋಡಿದರು.

“ಕಟ್ಟಿದ್ದು ಮರೀರಿ ಮೇಡಂ. ಇನ್ನ ಹಾಕಬೇಕಾದ ರೊಕ್ಕ ಇವತ್ತ ಕೈಯಾಗ ಐತಿ ಅನ್ಕೋರಿ. ಸಿರಪ್‌ಗೆ ಹಾಕತೀರೋ, ಮಾತ್ರೆಗೋ?”

“ಮಾತ್ರೆಗೆ.”

“ಹಂಗಾರ ಇಲ್ಲಿಗೇ ನಿಲ್ಲಸೂಣ್ರಿ. ಕಟ್ರಿ ಅಂದಾಂವ ನಾನು. ತಪ್ಪೂ ನಂದ ಐತಿ.”

ಶಿವಗಂಗಾ ಕಿಟಕಿಯಾಚೆಯ ಆ ಮೊಂಡು ಗೋಡೆಗಳತ್ತ ತಿರುಗಿದರು. ಆಮೇಲೆ ಹೇಳಿದರು: “ನಿಲ್ಲಸ್ರಿ ಅಂತ ಬ್ಯಾರೆಯವರು ಹೇಳಿದ್ದರ ನಾ ಕೇಳತಿರಲಿಲ್ಲ. ಮ್ಯಾಲೆ ತಗಡು ಹಾಕಸ್ರಿ, ಗೋದಾಮಿಗಾರೆ ಆಗತದ. ನಾಳೆ ಸ್ವಲ್ಪ ಲಗೂ ಬರ್ರಿ.”

ನಾಳೆ! ಆ ಒಂದು ಮಾತಿಗೆ ಸೂರ್ಯಕಾಂತರ ಕಣ್ಣು ತುಂಬಿಬಂತು. ಕೂಕಟ್‌ಪಲ್ಲಿಯ ಮನೆ ಬಾಗಿಲಲ್ಲಿ ಶಿವದೇವಿ “ಕೋಟ ಎಲ್ರಿ?” ಎಂದಾಗಲೇ ಅದರ ನೆನಪಾದದ್ದು. “ಇರಲಿ ಬಿಡು. ಮೊದಲ ಊಟಕ್ಕ ಹಾಕು, ಭಾಳ ಹಸಿವಾಗೇದ” ಎಂದರು. ಆಕೆ ನಗುತ್ತ ಒಂದು ರೊಟ್ಟಿ ಹೆಚ್ಚಿಗೇ ಬಡಿಸಿದಳು. ಮರುದಿನ ಅವರು ಕೈ ಬೀಸಿಕೊಂಡು ಬಂದದ್ದನ್ನು ಕಂಡು, ಕಾವಲುಗಾರ ಮೌನಪ್ಪ ಯಾರೋ ಹೊಸಬರೆಂದು ಗೇಟಿನಲ್ಲೇ ತಡೆದನಂತೆ.

ಹಣಕಾಸಿನವರನ್ನು ಕಲ್ಲೆದೆಯವರೆಂದು ನಾವು ಎಷ್ಟು ಸಲೀಸಾಗಿ ಆಡಿಕೊಳ್ಳುತ್ತೇವೆ! ಕಳೆದದ್ದರ ಮೋಹ ಅವರಿಗೂ ನಮ್ಮಷ್ಟೇ ಉಂಟು. ಆದರೆ ಹತ್ತು ಜನರ ಅನ್ನದ ಪ್ರಶ್ನೆ ಬಂದಾಗ, ಅವರಲ್ಲಿ ಒಳ್ಳೆಯವರು ಆ ಮೋಹವನ್ನು ಮೊದಲು ತಮ್ಮ ಮೈಮೇಲಿಂದಲೇ ಬಿಚ್ಚಿಡುತ್ತಾರೆ.